ಹೋರಿ ಊರು ಬಿಟ್ಟ ಕಥೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಊರುಗಳಲ್ಲಿ ರೈತನೊಬ್ಬ ‘ಎಮ್ಮಿಗೆ ಇಂಜೆಕ್ಷನ್ ಮಾಡಸೂದೈತಿ’ ಎಂದರೆ ಅದು ಜ್ವರಕ್ಕೆ ಹಾಕಿಸುವ ಸೂಜಿ ಎಂದು ಯಾರೂ ತಿಳಿಯುವುದಿಲ್ಲ. ಎಮ್ಮೆ ಬೆದೆಗೆ ಬಂದಿದೆ, ಗಬ್ಬ ಕಟ್ಟಿಸಬೇಕು ಎಂದೇ ಅರ್ಥ. ಹಿಂದೆ ಈ ಕೆಲಸಕ್ಕೆ ಊರ ಕೋಣವಿತ್ತು, ದೇವರಿಗೆ ಬಿಟ್ಟ ಗೂಳಿಯಿತ್ತು. ಈಗ ಬಹುಪಾಲು ಆ ಜಾಗದಲ್ಲಿರುವುದು ಕಾಲು ಮಿಲಿಲೀಟರು ಹಿಡಿಯುವ ಒಂದು ಪ್ಲಾಸ್ಟಿಕ್ ಕಡ್ಡಿ. ಅದರೊಳಗೆ ಎರಡು ಕೋಟಿಯಷ್ಟು ವೀರ್ಯಾಣುಗಳು ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಅಲುಗಾಡದೆ ಮಲಗಿರುತ್ತವೆ.

ಕಡ್ಡಿಯನ್ನು ಬಿಸಿನೀರಿಗೆ ಹಾಕಿದಾಗ ಅವು ಎದ್ದು ಈಜಬೇಕು. ಈಜದಿದ್ದರೆ ಗಬ್ಬ ನಿಲ್ಲುವುದಿಲ್ಲ. ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು. ಆ ಮೂರು ವಾರ ಎಮ್ಮೆ ಮೇವು ತಿನ್ನುವುದೇನೂ ಬಿಡುವುದಿಲ್ಲ. ಎರಡು ಸಲ, ಮೂರು ಸಲ ಹೀಗಾದರೆ ಒಂದು ಸೂಲೇ ತಪ್ಪಿದಂತೆ. ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವ ಮನೆಗೆ ಅದು ಸಾಲ ತೀರುವುದಕ್ಕೂ ಬೆಳೆಯುವುದಕ್ಕೂ ಇರುವ ವ್ಯತ್ಯಾಸ. ನಮ್ಮ ದೇಶದಲ್ಲಿ ಕೃತಕ ಗರ್ಭಧಾರಣೆ ಮಾಡಿಸಿದ ದನಗಳಲ್ಲಿ ಗಬ್ಬ ನಿಲ್ಲುವುದು ಸರಾಸರಿ ಮೂರರಲ್ಲಿ ಒಂದರ ಆಸುಪಾಸು. ದೋಷ ಎಲ್ಲವೂ ಕಡ್ಡಿಯದಲ್ಲ; ಬೆದೆ ಗುರುತಿಸುವುದು ತಡವಾಗುತ್ತದೆ, ಎಮ್ಮೆಯ ಬೆದೆಯಂತೂ ಕಣ್ಣಿಗೆ ಬೀಳುವುದೇ ಕಷ್ಟ. ಆದರೂ ಆ ಎರಡು ಕೋಟಿ ಜೀವಗಳು ಯಾವುದರ ಬಲದಿಂದ ಈಜುತ್ತವೆ, ಯಾವುದರಿಂದ ನಿಂತುಹೋಗುತ್ತವೆ ಎಂಬ ಪ್ರಶ್ನೆಯ ಹಿಂದೆ ದೊಡ್ಡದೊಂದು ಚರಿತ್ರೆಯೇ ಇದೆ.

ಮೊದಲು ಹೋರಿಯ ವಿಷಯ. ಕೃಷ್ಣೆಯ ದಂಡೆಯ ಎರೆಭೂಮಿ ಮಳೆ ಬಿದ್ದರೆ ಅಂಟು, ಬಿಸಿಲು ಹೊಡೆದರೆ ಕಲ್ಲು. ಅಲ್ಲಿ ಭಾರದ ನೇಗಿಲು ಎಳೆಯಲು ಸಣ್ಣ ಎತ್ತು ಸಾಲದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಸಾಂಗ್ಲಿ ಕಡೆಯ ಸಂಸ್ಥಾನಿಕರು ಗಿರ್, ಓಂಗೋಲ್ ಹೋರಿಗಳನ್ನು ಸ್ಥಳೀಯ ದನಗಳ ಜೊತೆ ಕೂಡಿಸಿ ದೊಡ್ಡ ಮೈಯ, ಬಿಳಿ ಬಣ್ಣದ ತಳಿಯೊಂದು ರೂಪುಗೊಳ್ಳಲು ಕಾರಣರಾದರು. ಮೈಸೂರು ಕಡೆಯ ದನಗಳ ರಕ್ತವೂ ಅದರಲ್ಲಿದೆ. ಅದೇ ‘ಕೃಷ್ಣಾ ಕಣಿವೆ’ ತಳಿ. ಆಗ ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಜನರ ಕಾಗದಪತ್ರಕ್ಕೆ ಗಡಿಯಿತ್ತು, ಹೋರಿಗೆ ಇರಲಿಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಇಂದಿಗೂ ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಭಕ್ತರು ಬರುತ್ತಾರೆ. ಅಮೆರಿಕದ ಹೆಸರಾಂತ ಬ್ರಹ್ಮನ್ ತಳಿಯ ಮೂಲದಲ್ಲಿ ಗಿರ್, ಕಾಂಕ್ರೇಜ್, ಓಂಗೋಲ್‌ಗಳ ಜೊತೆ ಈ ಕೃಷ್ಣಾ ಕಣಿವೆ ದನಗಳ ರಕ್ತವೂ ಸೇರಿದೆ.

ಸರಕಾರದ ಕಣ್ಣು ಮಾತ್ರ ಬೇರೆ ಕಡೆಗಿತ್ತು. ಊರಲ್ಲಿ ಅಡ್ಡಾಡುವ ‘ಕೆಟ್ಟ’ ಹೋರಿಗಳಿಂದಲೇ ದನ ಕುಲಗೆಡುತ್ತಿದೆ ಎಂಬುದು ಅಂದಿನ ಅಧಿಕಾರಿಗಳ ನಂಬಿಕೆ. 1933ರ ಮುಂಬಯಿ ಜಾನುವಾರು ಸುಧಾರಣಾ ಕಾಯ್ದೆ ಒಪ್ಪಿಗೆ ಇಲ್ಲದ ಹೋರಿಗಳ ಬೀಜ ಒಡೆಸಲು ಅಧಿಕಾರ ಕೊಟ್ಟಿತು. ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಒಳ್ಳೆಯ ಹೋರಿಗಳನ್ನು ದಾನ ಮಾಡಿ ಎಂದು ಸಿರಿವಂತರಿಗೆ ಕರೆ ಕೊಟ್ಟರು. ಆದರೆ ಒಂದು ಹೋರಿ ಎಷ್ಟು ಆಕಳಿಗೆ ಆದೀತು? ಲೆಕ್ಕ ಎಲ್ಲಿ ಹಾಕಿದರೂ ಹೋರಿ ಸಾಲುತ್ತಿರಲಿಲ್ಲ. ಹೋರಿಯನ್ನು ಬಿಟ್ಟು ಅದರ ವೀರ್ಯವನ್ನಷ್ಟೇ ಊರೂರಿಗೆ ಕಳಿಸುವ ಯೋಚನೆ ಬಂದದ್ದು ಈ ಲೆಕ್ಕದಿಂದಲೇ.

ವೀರ್ಯಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1677ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್. ಬಾಲ ಬಡಿಯುತ್ತ ಓಡಾಡುವ ಈ ಸಣ್ಣ ಪ್ರಾಣಿಗಳು ಅವನನ್ನು ಬೆರಗುಗೊಳಿಸಿದ್ದವು. ನೂರು ವರ್ಷಗಳ ನಂತರ ಇಟಲಿಯ ಪಾದ್ರಿ ಸ್ಪಲ್ಲಂಜಾನಿ ವೀರ್ಯವನ್ನು ಹಿಮದಲ್ಲಿಟ್ಟು ನೋಡಿದ. ಚಲನೆ ನಿಂತಿತು. ಬೆಚ್ಚಗೆ ಮಾಡಿದ, ಮತ್ತೆ ಚಲಿಸಿತು. 1780ರ ಹೊತ್ತಿಗೆ ಹೆಣ್ಣುನಾಯಿಯೊಂದಕ್ಕೆ ಪಿಚಕಾರಿಯಿಂದ ವೀರ್ಯ ಸೇರಿಸಿ 62 ದಿನಕ್ಕೆ ಮೂರು ಮರಿ ಹಾಕಿಸಿದ. ಪಾದ್ರಿಯ ಕೈಯಲ್ಲಿ ಇಂಥ ಪ್ರಯೋಗ ಆದದ್ದು ತಮಾಷೆಯಾಗಿ ಕಂಡರೂ ಆ ಮನುಷ್ಯನ ತಾಳ್ಮೆಗೆ ತಲೆಬಾಗಲೇಬೇಕು. 20ನೇ ಶತಮಾನದ ಆರಂಭದಲ್ಲಿ ರಷ್ಯಾದ ಇಲ್ಯಾ ಇವಾನೋವ್ ಇದನ್ನು ಕುದುರೆ, ದನಗಳಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ.

1939

ಭಾರತದಲ್ಲಿ ಇದು ಮೊದಲು ಆದದ್ದು ಕನ್ನಡ ನೆಲದಲ್ಲಿ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಆಕಳುಗಳಿಗೆ ಗರ್ಭಧಾರಣೆ ಮಾಡಿದರು. 33 ಆಕಳುಗಳು ಗಬ್ಬ ನಿಂತವು. ಅದೇ 1939ರಲ್ಲಿ ಇತ್ತ ಕೃಷ್ಣೆಯ ದಂಡೆಯಲ್ಲಿ ಉಗಾರ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಇದಕ್ಕೂ ಅದಕ್ಕೂ ನೇರ ನಂಟೇನೂ ಇಲ್ಲ. ಆದರೆ ಮುಂದೆ ಈ ಸೀಮೆಯ ದನಗಳ ಹಣೆಬರಹ ಬರೆದದ್ದು ಕಬ್ಬು ಮತ್ತು ಕೃತಕ ಗರ್ಭಧಾರಣೆ, ಎರಡೂ ಕೂಡಿ.

ಮೈಸೂರಿನ ಪ್ರಯೋಗದ ಕಾಲಕ್ಕೆ ಒಂದು ದೊಡ್ಡ ತೊಡಕಿತ್ತು. ಹೊರತೆಗೆದ ವೀರ್ಯ ಬಹಳ ಹೊತ್ತು ತಾಳುತ್ತಿರಲಿಲ್ಲ. ಏಕೆ ತಾಳುತ್ತಿರಲಿಲ್ಲ ಎಂಬುದನ್ನು ತಿಳಿಯಬೇಕಾದರೆ ವೀರ್ಯಾಣುವಿನ ಒಳಗೆ ಇಣುಕಬೇಕು.

ಅದರ ತಲೆಯಲ್ಲಿ ತಂದೆಯ ವಂಶವಾಹಿ, ಹಿಂದೆ ಉದ್ದ ಬಾಲ. ಎರಡರ ನಡುವಿನ ಕುತ್ತಿಗೆಯಂಥ ಭಾಗಕ್ಕೆ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಒಲೆಗಳು ಹಗ್ಗ ಸುತ್ತಿದಂತೆ ಸುತ್ತಿಕೊಂಡಿರುತ್ತವೆ. ಬಾಲದ ಒಳಗೆ ಒಂಬತ್ತು ಜೊತೆ ನಳಿಕೆಗಳು, ಮಧ್ಯದಲ್ಲಿ ಎರಡು. ಈ ನಳಿಕೆಗಳ ಮೇಲೆ ಸಣ್ಣ ಕೈಗಳಂತಿರುವ ಪ್ರೋಟೀನು ಪಕ್ಕದ ನಳಿಕೆಯನ್ನು ಹಿಡಿದು ಜಗ್ಗುತ್ತದೆ, ಬಿಡುತ್ತದೆ, ಮತ್ತೆ ಜಗ್ಗುತ್ತದೆ. ಬಾಲ ಬಳುಕುವುದು ಹೀಗೆ. ಅಮೆರಿಕದಲ್ಲಿದ್ದ ಇಯಾನ್ ಗಿಬ್ಬನ್ಸ್ 1965ರಲ್ಲಿ ಈ ಪ್ರೋಟೀನಿಗೆ ‘ಡೈನೀನ್’ ಎಂದು ಹೆಸರಿಟ್ಟರು. ಒಂದೊಂದು ಜಗ್ಗಿಗೂ ಎಟಿಪಿ ಎಂಬ ಇಂಧನ ಖರ್ಚಾಗುತ್ತದೆ. ಇಂಧನ ಮುಗಿದರೆ ಈಜು ಮುಗಿಯಿತು.

ಇಂಧನ ಯಾವುದರಿಂದ ಬರುತ್ತದೆ? ಸಕ್ಕರೆಯಿಂದ. ಅದು ರಕ್ತದಲ್ಲಿರುವ ಗ್ಲೂಕೋಸೇ ಇರಬೇಕು ಎಂದು ಬಹಳ ಕಾಲ ತಿಳಿಯಲಾಗಿತ್ತು. ಕೇಂಬ್ರಿಜ್‌ನಲ್ಲಿದ್ದ ಥ್ಯಾಡಿಯಸ್ ಮ್ಯಾನ್ 1946ರಲ್ಲಿ ಅದು ಫ್ರಕ್ಟೋಸ್, ಅಂದರೆ ಹಣ್ಣು ಮತ್ತು ಜೇನಿನಲ್ಲಿರುವ ಸಕ್ಕರೆ, ಎಂದು ತೋರಿಸಿಕೊಟ್ಟರು. ಹೋರಿಯಲ್ಲಿ ಇದನ್ನು ತಯಾರಿಸುವುದು ವೀರ್ಯಕೋಶ ಗ್ರಂಥಿಗಳು; ತಯಾರಿಸು ಎಂದು ಆಜ್ಞೆ ಕೊಡುವುದು ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು. ಬೀಜ ಒಡೆದ ಎತ್ತಿನಲ್ಲಿ ಈ ಸಕ್ಕರೆ ಇಳಿದುಹೋಗುತ್ತದೆ. ಮ್ಯಾನ್ 1954ರಲ್ಲಿ ಬರೆದ ವೀರ್ಯದ ಜೀವರಸಾಯನ ಕುರಿತ ಗ್ರಂಥ ಮುಂದೆ ಈ ಶಾಸ್ತ್ರಕ್ಕೇ ತಳಹದಿಯಾಯಿತು.

ಆದರೆ ಸಕ್ಕರೆ ಉರಿದಲ್ಲಿ ಬೂದಿಯೂ ಇರುತ್ತದೆ. ಗಾಳಿ ಸಾಲದ ಕಡೆ ವೀರ್ಯಾಣು ಫ್ರಕ್ಟೋಸನ್ನು ಒಡೆದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ; ಹಾಲು ಹುಳಿಯಾದಾಗ ಆಗುವ ಆಮ್ಲವೂ ಇದೇ. ಕೋಟಿಗಟ್ಟಲೆ ವೀರ್ಯಾಣುಗಳು ಒಂದು ಕೊಳವೆಯಲ್ಲಿ ಕೂಡಿದರೆ ಸ್ವಲ್ಪ ಹೊತ್ತಿಗೇ ತಾವು ಮಾಡಿದ ಹುಳಿಯಲ್ಲಿ ತಾವೇ ಸೋಲುತ್ತವೆ. ಪ್ರಕೃತಿಯೂ ಇದೇ ಹುಳಿಯನ್ನು ಬೀಗದಂತೆ ಬಳಸುತ್ತದೆ. ಹೋರಿಯ ವೃಷಣಕ್ಕೆ ಅಂಟಿದ ಸುರುಳಿನಾಳದಲ್ಲಿ ಬಲಿತ ವೀರ್ಯಾಣುಗಳು ಕಾಯುತ್ತಿರುವಾಗ ಅಲ್ಲಿನ ರಸ ತುಸು ಆಮ್ಲೀಯ. ಅವು ಅಲ್ಲಾಡುವುದಿಲ್ಲ, ಇಂಧನ ಉಳಿಯುತ್ತದೆ. ಹೊರಬರುವಾಗ ಇತರ ಗ್ರಂಥಿಗಳ ರಸ ಬೆರೆತು ಹುಳಿ ಕಡಿಮೆಯಾಗುತ್ತದೆ. ಅದರಲ್ಲಿರುವ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡದಲ್ಲಿರುವ ಅದೇ ಅಂಶ, ವೀರ್ಯಾಣುವಿನೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹುಟ್ಟಿಸುತ್ತದೆ. ಬಾಲ ಎಚ್ಚರಗೊಳ್ಳುತ್ತದೆ. ಕ್ಯಾಲ್ಸಿಯಂ ಕೂಡ ಬೇಕು. ಅಳತೆಯಲ್ಲಿದ್ದರೆ ಅದು ಚಾಟಿ, ಮೀರಿದರೆ ಕಾಲ್ತೊಡಕು. ಅದು ಒಳಬರುವ ಮುಖ್ಯ ಬಾಗಿಲನ್ನು ವಿಜ್ಞಾನಿಗಳು ಇಲಿಗಳಲ್ಲಿ ಗುರುತಿಸಿದ್ದು 2001ರಲ್ಲಷ್ಟೇ.

ಇನ್ನೊಂದು ಸಂಗತಿ ಕೇಳಿದರೆ ಗಂಟಲು ಕಟ್ಟುವಂಥದ್ದು. ಟೋಸಿಕ್ ಮತ್ತು ವಾಲ್ಟನ್ ಎಂಬಿಬ್ಬರು 1946ರಲ್ಲಿ ಹೋರಿಯ ವೀರ್ಯಾಣುಗಳು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ ಎಂದು ಕಂಡರು. ಗಾಯ ತೊಳೆಯಲು ಬಳಸುವ, ನೊರೆ ಬರುವ ಔಷಧವೇ ಅದು. ಇದು ಸೇರಿದಷ್ಟೂ ಚಲನೆ ಕುಗ್ಗುತ್ತದೆ. ಸತ್ತ ವೀರ್ಯಾಣುಗಳು ಈ ವಿಷವನ್ನು ಹೆಚ್ಚು ಹುಟ್ಟಿಸುತ್ತವೆ ಎಂಬುದೂ ಮುಂದೆ ಗೊತ್ತಾಯಿತು. ಅಂದರೆ ಕಡ್ಡಿಯೊಳಗೆ ಸತ್ತವು ಬದುಕಿದ್ದವನ್ನೂ ಕೊಲ್ಲುತ್ತವೆ. ವೀರ್ಯಾಣುವಿನ ಹೊರಪೊರೆಯಲ್ಲಿ ಸುಲಭವಾಗಿ ಕಮಟಾಗುವ ಕೊಬ್ಬು ಹೆಚ್ಚು. ಹಳೆಯ ಎಣ್ಣೆ ಕಮಟಾದಂತೆ ಈ ಪೊರೆಯೂ ಕೆಡುತ್ತದೆ. ವಿಟಮಿನ್ ಇ, ಸೆಲೆನಿಯಂ, ಸತುವು ಇವು ಬೇಕಾಗುವುದು ಈ ಕೆಡುಕನ್ನು ತಡೆಯಲೆಂದೇ.

ಮೊಟ್ಟೆ ಮತ್ತು ತಪ್ಪು ಸೀಸೆ

ಮೈಸೂರಿನಲ್ಲಿ ಪ್ರಯೋಗ ನಡೆದ ವರ್ಷವೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಾಲ್ ಫಿಲಿಪ್ಸ್ ಕೋಳಿಮೊಟ್ಟೆಯ ಹಳದಿ ಭಾಗದ ಮೊರೆ ಹೋದರು. ಮರುವರ್ಷ ಅವರೂ ಹೆನ್ರಿ ಲಾರ್ಡಿಯೂ ಅದನ್ನು ಹುಳಿ ಏರದಂತೆ ತಡೆಯುವ ಫಾಸ್ಫೇಟ್ ದ್ರಾವಣದಲ್ಲಿ ಕಲಸಿ ವೀರ್ಯವನ್ನು ದಿನಗಟ್ಟಲೆ ತಣ್ಣಗಿಡಬಹುದೆಂದು ಪ್ರಕಟಿಸಿದರು. ಮೊಟ್ಟೆ ಏಕೆ ಕೆಲಸ ಮಾಡುತ್ತದೆ ಎಂಬುದು ಸರಿಯಾಗಿ ತಿಳಿಯಲು ಮತ್ತೆ ಅರ್ಧ ಶತಮಾನವೇ ಹಿಡಿಯಿತು. ಕೆನಡದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪುಟ್ಟಸ್ವಾಮಿ ಮಂಜುನಾಥ್ ಅವರ ತಂಡ ಇದಕ್ಕೆ ಒಪ್ಪುವಂಥ ವಿವರಣೆ ಕೊಟ್ಟಿತು. ಹೋರಿಯ ವೀರ್ಯರಸದಲ್ಲೇ ಇರುವ ಕೆಲವು ಪ್ರೋಟೀನುಗಳು ವೀರ್ಯಾಣುವಿನ ಪೊರೆಯಿಂದ ಕೊಲೆಸ್ಟರಾಲನ್ನು ಕಿತ್ತು ತೆಗೆಯುತ್ತವೆ. ಆಕಳ ಒಡಲಲ್ಲಿ ಅದು ಉಪಕಾರಿ, ಕೊಳವೆಯಲ್ಲಿ ಹೊತ್ತು ಕಳೆದಂತೆ ಅಪಕಾರಿ. ಮೊಟ್ಟೆಯ ಕೊಬ್ಬಿನ ಕಣಗಳು ಆ ಪ್ರೋಟೀನುಗಳನ್ನು ಹಿಡಿದುಹಾಕುತ್ತವೆ.

ಹೆಪ್ಪುಗಟ್ಟಿಸುವ ವಿದ್ಯೆ ಸಿಕ್ಕಿದ್ದಂತೂ ಒಂದು ಅವಾಂತರದಿಂದ. ಲಂಡನ್ನಿನಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರೀ ಸ್ಮಿತ್, ಆ್ಯಲನ್ ಪಾರ್ಕ್ಸ್ ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಹೆಣಗುತ್ತಿದ್ದರು. ಒಂದೇ ಸೋಲು. ಒಮ್ಮೆ ಫ್ರಕ್ಟೋಸ್ ಎಂಬ ಚೀಟಿ ಇದ್ದ ಸೀಸೆಯ ದ್ರಾವಣ ಬಳಸಿದಾಗ ಕರಗಿಸಿದ ಮೇಲೂ ವೀರ್ಯಾಣುಗಳು ಈಜಿದವು. ಹೊಸದಾಗಿ ಮಾಡಿದ ಫ್ರಕ್ಟೋಸ್ ಹಾಕಿದರೆ ಮತ್ತೆ ಸಾವು! ಹಳೆಯ ಸೀಸೆಯಲ್ಲಿ ಉಳಿದಿದ್ದ ತೊಟ್ಟನ್ನು ಪರೀಕ್ಷೆಗೆ ಕಳಿಸಿದಾಗ ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಇದ್ದದ್ದು ಗ್ಲಿಸರಾಲ್ ಮತ್ತು ಪ್ರೋಟೀನು. ಚೀಟಿ ಅದಲುಬದಲಾಗಿತ್ತು. ಸಾಬೂನು ಕಾರ್ಖಾನೆಯಲ್ಲಿ ಉಳಿಯುವ ಈ ಸಿಹಿ ಜಿಗುಟು ದ್ರವ ಜೀವಕೋಶದೊಳಗೆ ಹೊಕ್ಕು, ನೀರು ಸೂಜಿಯಂಥ ಹರಳಾಗಿ ಪೊರೆ ಚುಚ್ಚದಂತೆ ತಡೆಯುತ್ತದೆ. 1949ರಲ್ಲಿ ಈ ಸುದ್ದಿ ಪ್ರಕಟವಾಯಿತು; 1951ರಲ್ಲಿ ಹೆಪ್ಪುಗಟ್ಟಿಸಿದ ವೀರ್ಯದಿಂದ ಮೊದಲ ಕರು ಹುಟ್ಟಿತು.

ಮುಂದಿನದು ವೇಗವಾಗಿ ನಡೆಯಿತು. ಇಜ್ಜತ್‌ನಗರದ ಸಂಸ್ಥೆ 1942ರಲ್ಲೇ ಪಿ. ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ಪ್ರಯೋಗ ಆರಂಭಿಸಿತ್ತು. ಮುಂದೆ ತೆರೆದ ನಾಲ್ಕು ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಕೃತಕ ಗರ್ಭಧಾರಣೆಯಿಂದ ಮೊದಲ ಎಮ್ಮೆ ಕರು ಹುಟ್ಟಿದ್ದು 1943ರಲ್ಲಿ, ಅಲಹಾಬಾದಿನಲ್ಲಿ. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ‘ಕೀ ವಿಲೇಜ್’ ಯೋಜನೆ ಬಂತು. ಮಣಿಭಾಯಿ ದೇಸಾಯಿ 1967ರಲ್ಲಿ ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಬೈಫ್ ಸಂಸ್ಥೆ ಕಟ್ಟಿದರು. 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ವೀರ್ಯ ಘನೀಕರಣ ಸಂಸ್ಥೆ ಶುರುವಾಯಿತು. ಧಾರವಾಡದಲ್ಲೂ ವೀರ್ಯ ಬ್ಯಾಂಕ್ ಬಂತು. ಹಾಲಿನ ಸಂಘಗಳು ಊರೂರಿಗೆ ದ್ರವ ಸಾರಜನಕದ ಕ್ಯಾನು ತಂದವು. ಕೃಷ್ಣೆ, ದೂಧಗಂಗಾ, ವೇದಗಂಗಾ ನೀರಾವರಿಯಲ್ಲಿ ಕಬ್ಬು ಹಬ್ಬಿತು, ಟ್ರ್ಯಾಕ್ಟರ್ ಬಂತು. ದೊಡ್ಡ ಎತ್ತಿಗೆ ಕೆಲಸ ಉಳಿಯಲಿಲ್ಲ. ಎತ್ತು ಬೇಡವಾದ ಮೇಲೆ ಅದನ್ನು ಹುಟ್ಟಿಸುವ ಹೋರಿ ಯಾರಿಗೆ ಬೇಕು?

ಸರಕಿ, ವಾಡೆ, ಬಿಸಿಲು

ಪ್ರಯೋಗಾಲಯದ ಈ ಪಾಠಗಳೆಲ್ಲ ಊರಿನ ಗೋದಲಿಗೆ ಬಂದಾಗ ಬೇರೆಯೇ ರೂಪ ತಾಳುತ್ತವೆ. ಖಿಲಾರಿ ಹೋರಿ, ಎಮ್ಮೆಯ ಕೋಣ ಸಾಕಿ ಹಣ ಪಡೆದು ಗಬ್ಬ ಕಟ್ಟಿಸಿಕೊಡುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಹೋರಿ ಮೈತುಂಬಿರಲಿ ಎಂದು ಅವರು ಧಾರಾಳವಾಗಿ ಹಾಕುವುದು ಹತ್ತಿಕಾಳು, ಸರಕಿ ಹಿಂಡಿ. ಹತ್ತಿಬೀಜದಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ. ಚೀನಾದಲ್ಲಿ 1950ರ ದಶಕದಲ್ಲಿ ಹಸಿ ಹತ್ತಿಬೀಜದ ಎಣ್ಣೆಯಿಂದ ಅಡುಗೆ ಮಾಡಿದ ಊರುಗಳಲ್ಲಿ ಮಕ್ಕಳಾಗುವುದು ನಿಂತಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು ಇದೇ ಗಾಸಿಪಾಲ್. 1970ರ ದಶಕದಲ್ಲಿ ಅಲ್ಲಿನ ಸಾವಿರಾರು ಗಂಡಸರ ಮೇಲೆ ಅದನ್ನು ಗರ್ಭನಿರೋಧಕವಾಗಿ ಪ್ರಯೋಗಿಸಿದರು. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು, ಕೆಲವರಲ್ಲಿ ಫಲವಂತಿಕೆ ಮರಳದಿರುವುದು ಕಂಡುಬಂದು 1980ರ ದಶಕದಲ್ಲಿ ಕೈಬಿಟ್ಟರು.

ಹೋರಿಯಲ್ಲಿ ಗಾಸಿಪಾಲ್ ಹೊಡೆಯುವುದು ವೀರ್ಯಾಣುವಿನ ನಡುಭಾಗಕ್ಕೆ, ಅದೇ ಒಲೆಗಳಿಗೆ. ಎಷ್ಟೋ ವೀರ್ಯಾಣುಗಳು ಹುಟ್ಟುವಾಗಲೇ ಒಲೆ ಕೆಟ್ಟಿರುತ್ತವೆ, ಈಜಲಾರವು. ಮೆಲುಕು ಹಾಕುವ ದನದ ಹೊಟ್ಟೆ ಒಂದಷ್ಟು ಗಾಸಿಪಾಲನ್ನು ಕಟ್ಟಿಹಾಕುತ್ತದೆ, ನಿಜ. ಅತಿಯಾದರೆ ಸಾಗುವುದಿಲ್ಲ. ಕಾಯಿಸಿ ಎಣ್ಣೆ ತೆಗೆದ ಹಿಂಡಿಯಲ್ಲಿ ಅದು ಕಡಿಮೆ, ಇಡೀ ಕಾಳಿನಲ್ಲಿ ಹೆಚ್ಚು. ಆದ್ದರಿಂದ ಹಾಲೆಮ್ಮೆಗೆ ಒಪ್ಪುವ ಸರಕಿ ಬೀಜದ ಹೋರಿಗೂ ಒಪ್ಪೀತೆಂದು ಹೇಳಲಾಗದು. ಹಾಕುವುದನ್ನು ನಿಲ್ಲಿಸಿದರೆ ಹೋರಿ ಸುಧಾರಿಸುತ್ತದೆ. ವಿಟಮಿನ್ ಇ ಕೊಟ್ಟರೆ ಕೆಡುಕು ಕಡಿಮೆಯಾಗುತ್ತದೆಂದು ಅಮೆರಿಕದ ಪ್ರಯೋಗಗಳು ತೋರಿಸಿವೆ.

ಕಬ್ಬಿನ ವಾಡೆಯದು ಇನ್ನೊಂದು ಕಥೆ. ಸಕ್ಕರೆ ಕಾರ್ಖಾನೆ ಹಂಗಾಮಿನಲ್ಲಿ ತಿಂಗಳುಗಟ್ಟಲೆ ದನಕ್ಕೆ ಅದೇ ಮೇವು. ಅದರಲ್ಲಿ ಪ್ರೋಟೀನು, ರಂಜಕ ಕಡಿಮೆ. ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡುಬಿಡುತ್ತದೆ. ಖನಿಜ ಮಿಶ್ರಣ ಕೊಡಿ ಎಂದು ಪಶುವೈದ್ಯರು ಹೇಳುತ್ತಲೇ ಇರುವುದು ಇದಕ್ಕಾಗಿಯೇ.

ಬಿಸಿಲಿನ ಮಾತು ಅಥಣಿಯವರಿಗೆ ಹೇಳಬೇಕಿಲ್ಲ. ವೃಷಣ ಮೈಗಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ಒಳ್ಳೆಯ ವೀರ್ಯಾಣು ತಯಾರಾಗುತ್ತದೆ. ಅದು ಹೊರಗೆ ಜೋತಾಡುವುದೇ ಆ ಕಾರಣಕ್ಕೆ. ಹೋರಿಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು 61 ದಿನ ಬೇಕು. ಹೀಗಾಗಿ ಮೇ ತಿಂಗಳ ಬಿಸಿಲಿನ ಪೆಟ್ಟು ಜುಲೈವರೆಗೂ ಕಾಡಬಹುದು. ಆಗ ಮಳೆ ಬಿದ್ದು ಹೊರಗೆ ತಂಪಾಗಿರುತ್ತದೆ, ಕೋಣಕ್ಕೆ ಏನಾಯಿತೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಕಪ್ಪು ಚರ್ಮದ, ಬೆವರು ಕಡಿಮೆಯಿರುವ ಕೋಣಕ್ಕೆ ಬಿಸಿಲು ಇನ್ನೂ ಕಷ್ಟ. ಹೊಳೆಯ ನೀರಿಗೆ ಬಿಡುವ ಹಳೆಯ ರೂಢಿಗೆ ಈ ಬೆಲೆಯೂ ಇತ್ತು.

ಈ ಗಡಿಸೀಮೆಯ ಎಮ್ಮೆಗಳಲ್ಲಿ ಪಂಢರಪುರಿ ತಳಿ ಹೆಸರುವಾಸಿ. ಹೆಗಲು ದಾಟಿ ಹಿಂದೆ ಚಾಚುವ ಕತ್ತಿಯಂಥ ಕೊಂಬು ಅದರ ಗುರುತು. ಕೊಲ್ಹಾಪುರದಲ್ಲಿ ಗಿರಾಕಿಯ ಕಣ್ಣೆದುರೇ ಕರೆದು ಹಾಲು ಕೊಡುತ್ತಿದ್ದದ್ದು ಈ ಎಮ್ಮೆಗಳದ್ದೇ. ಆದರೆ ಹೋರಿಯ ವೀರ್ಯದಷ್ಟು ಚೆನ್ನಾಗಿ ಕೋಣದ ವೀರ್ಯ ಚಳಿ ತಾಳುವುದಿಲ್ಲ. ಅದರ ಪೊರೆಯ ಕೊಬ್ಬು ಬೇಗ ಕಮಟಾಗುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕೋಣದ ವೀರ್ಯಕ್ಕೆ ಇನ್ಸುಲಿನ್ ಹೋಲುವ ಒಂದು ಬೆಳವಣಿಗೆ ಅಂಶ ಸೇರಿಸಿ ಚಲನೆ, ಪೊರೆಯ ಸ್ಥಿತಿ, ಫ್ರಕ್ಟೋಸ್ ಬಳಕೆಗಳನ್ನು ಅಳೆದಿತ್ತು. ಮ್ಯಾನ್ ಹಿಡಿದ ಎಳೆ ಅರವತ್ತು ವರ್ಷಗಳ ನಂತರ ಎಮ್ಮೆಯ ನಾಡಿಗೆ ಬಂದು ಸೇರಿತ್ತು.

ಇಷ್ಟೆಲ್ಲ ಕಾಪಾಡಿದ ಈಜು ಕೊನೆಯ ಅರ್ಧ ನಿಮಿಷದಲ್ಲಿ ಹಾಳಾಗುವುದೂ ಉಂಟು. ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಕರಗಿಸಬೇಕು ಎಂಬುದು ನಿಯಮ. ಉಷ್ಣಮಾಪಕವಿಲ್ಲದೆ ಕೈಯಂದಾಜಿನಲ್ಲಿ ಕರಗಿಸಿದರೆ, ಬೇಕಾದ ಕಡ್ಡಿ ಹುಡುಕುತ್ತ ಉಳಿದವನ್ನು ಕ್ಯಾನಿನ ಬಾಯಿವರೆಗೆ ಎತ್ತಿ ಹಿಡಿದರೆ, ಸಾರಜನಕದ ಮಟ್ಟ ಇಳಿದದ್ದನ್ನು ಗಮನಿಸದಿದ್ದರೆ ಒಳಗಿನವು ಸತ್ತಿರುತ್ತವೆ. ಹೊರಗಿನಿಂದ ಕಡ್ಡಿ ಮೊದಲಿನಂತೆಯೇ ಕಾಣುತ್ತದೆ. ರೈತ ಹಣ ಕೊಡುತ್ತಾನೆ, ಕಾಯುತ್ತಾನೆ.

ಕೃಷ್ಣಾ ಕಣಿವೆ ತಳಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. 1984ರಲ್ಲಿ ಆರಂಭವಾಗಿ ಈಗ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶೀ ತಳಿಗಳ ವೀರ್ಯವನ್ನು ಸಾರಜನಕದಲ್ಲಿ ಕಾಪಿಡುವ ಕೆಲಸ ಮಾಡುತ್ತಿದೆ. ಊರ ಹೋರಿಯನ್ನು ಬೇಡವೆನಿಸಿದ ಕಡ್ಡಿಯೇ ಈಗ ಹೋರಿಯ ಕುಲ ಉಳಿಸುವ ಸಾಧನವೂ ಆಗಿದೆ. ತೊಡಕು ಇಲ್ಲೂ ಇದೆ. ನಮ್ಮ ದೇಶದ ನಿಯಮದಂತೆ ಕರಗಿಸಿದ ಮೇಲೆ ನೂರಕ್ಕೆ ಕನಿಷ್ಠ 50 ವೀರ್ಯಾಣುಗಳು ಮುಂದಕ್ಕೆ ಈಜಬೇಕು. ಇಲ್ಲದಿದ್ದರೆ ಆ ಕಡ್ಡಿಗಳನ್ನು ಎಸೆಯಬೇಕು. ಸಾವಿರಾರು ಹೋರಿಗಳಿರುವ ತಳಿಯಲ್ಲಿ ಅದು ಸರಿಯಾದ ಕಟ್ಟುನಿಟ್ಟು. ಒಂದು ಹೋರಿ ಸೋತರೆ ಇನ್ನೊಂದು ಬರುತ್ತದೆ. ಬೆರಳೆಣಿಕೆಯಷ್ಟು ಶುದ್ಧ ಹೋರಿಗಳು ಉಳಿದ ತಳಿಯಲ್ಲಿ, ಹೊಲದ ಬಿಸಿಲಿನಲ್ಲಿ ಬೆಳೆದು ಸರಕಿ, ವಾಡೆ ತಿಂದ ಹೋರಿಯೊಂದು ನೂರಕ್ಕೆ ನಲವತ್ತು ತೋರಿಸಿದಾಗ ಅದನ್ನು ಎಸೆಯಬೇಕೆ, ನೆರಳಿನಲ್ಲಿ ಕಟ್ಟಿ ಮೇವು ಬದಲಿಸಿ ಮತ್ತೆ 61 ದಿನ ಕಾಯಬೇಕೆ ಎಂಬುದನ್ನು ಪ್ರತಿ ಹೋರಿಗೂ ಬೇರೆ ಬೇರೆಯಾಗಿ ತೀರ್ಮಾನಿಸಬೇಕಾಗುತ್ತದೆ.